ಫಕ್ಕೀರವ್ವನ ಅರೆಗಳಿಗೆ

ಅಂದು ಬೆಳಿಗ್ಗೆ ಕಪ್ಪತ್ತಗುಡ್ಡದ ಮೇಲೆ ಗಾಳಿ ಇರಲಿಲ್ಲ. ಆಷಾಢದಲ್ಲಿ ಅಂಗಳದಲ್ಲಿ ಸೀರೆ ಒಣಹಾಕಿದರೆ ಅದನ್ನು ನಾಲ್ಕು ಮನೆ ಆಚೆ ಹುಡುಕಿಕೊಂಡು ಹೋಗಬೇಕಾದ ಸೀಮೆ ಅದು. ಅಂಥಲ್ಲಿ ಬೇವಿನ ಎಲೆಯೂ ಮಿಸುಕುತ್ತಿರಲಿಲ್ಲ. ಗುಡ್ಡದ ಬೆನ್ನುದ್ದಕ್ಕೂ ನಿಂತ ಗಾಳಿಕಂಬಗಳು ರೆಕ್ಕೆ ಚಾಚಿಕೊಂಡು, ಯಾರೋ ಕರೆದದ್ದು ಕೇಳಿಸಿ ಕಿವಿಗೊಟ್ಟವರ ಹಾಗೆ ಸುಮ್ಮನಿದ್ದವು. ಮೇಲಿನವನು ಒಮ್ಮೊಮ್ಮೆ ಹೀಗೆ ಉಸಿರು ಹಿಡಿಯುತ್ತಾನೆ, ಯಾಕೆಂದು ಕೇಳುವವರಾರು?

ಕೇಳದಿದ್ದರೂ ಅದರ ಫಲ ಉಣ್ಣಬೇಕಾದವರು ಗದಗಿನ ಬೆಳಕು ಸಂಘದವರು. ದೂರದಿಂದ ಬರುತ್ತಿದ್ದ ದೊಡ್ಡ ತಂತಿಗಳು ಹಳ್ಳಿಗಳನ್ನು ಕೈಬಿಟ್ಟ ಮೇಲೆ ಸುತ್ತಲಿನ ಊರುಗಳೆಲ್ಲ ಸೇರಿ ಕಟ್ಟಿಕೊಂಡ ಸಂಘ ಅದು. ಗುಡ್ಡದ ಗಾಳಿಯನ್ನೂ ಬಯಲಿನ ಬಿಸಿಲನ್ನೂ ಹಿಡಿದು ಮನೆಮನೆಗೆ ವಿದ್ಯುತ್ತು ಹಂಚುವುದು ಅದರ ಕೆಲಸ. ಗಾಳಿ ಬಿದ್ದಾಗ ಯಾವ ಊರಿನ ಬೆಳಕು ಕಡಿಯಬೇಕು, ಯಾವುದರದು ಉಳಿಸಬೇಕು ಎಂದು ನಿಯಂತ್ರಣ ಕೋಣೆಯಲ್ಲಿ ಕೂತು ತೀರ್ಮಾನಿಸುವವಳು ಫಕ್ಕೀರವ್ವ. ಇಂಜಿನಿಯರಿಂಗ್ ಓದಿ ಬಂದು, ತಲೆಯ ಮುಂಗೂದಲು ಬೆಳ್ಳಗಾಗುವ ತನಕ ಅದೇ ಕುರ್ಚಿಯಲ್ಲಿ ಕೂತವಳು.

ಆ ಬೆಳಿಗ್ಗೆ ಅವಳ ಹಿಂದೆ ಗೋಡೆಗೊರಗಿ ನೋಡುತ್ತ ನಿಂತಿದ್ದವಳು ನೀಲಾಂಬಿಕಾ. ಇಬ್ಬರೂ ನೆಗೆಣ್ಣಿಯರು, ಬೆಟಗೇರಿಯ ಒಂದೇ ಮನೆಗೆ ಸೊಸೆಯಾಗಿ ಬಂದವರು. ಫಕ್ಕೀರವ್ವ ಹಿರಿಯಳು, ನೀಲಾಂಬಿಕಾ ಕಿರಿಯಳು. ಮನೆಯಲ್ಲಿ ರೊಟ್ಟಿ ಬಡಿಯುವಾಗ ಅಕ್ಕ-ತಂಗಿ; ಸಂಘದಲ್ಲಿ ಮಾತ್ರ ಒಬ್ಬಳು ನಡೆಸುವವಳು, ಇನ್ನೊಬ್ಬಳು ಯೋಜಿಸುವವಳು.

ಫಕ್ಕೀರವ್ವ ಹಲಗೆಯ ಮೇಲಿನ ಗುಂಡಿಗೆ ಬೆರಳಿಟ್ಟು, "ಡೋಣಿ" ಎಂದಳು. ಆ ಸಂಘದಲ್ಲಿ ಮೊದಲಿನಿಂದ ಬಂದ ಪದ್ಧತಿ ಅದು. ಹೆಸರು ಹೇಳದೆ ಯಾವ ಊರನ್ನೂ ಕತ್ತಲೆಗೆ ದೂಡಬಾರದು. ಹೇಳಿದವಳು ಒತ್ತಲಿಲ್ಲ. ಉಸಿರೆಳೆದು ಬಿಡುವಷ್ಟು ಹೊತ್ತು ಬೆರಳು ಅಲ್ಲೇ ನಿಂತಿತು. ಅಷ್ಟರಲ್ಲಿ ಗುಡ್ಡದ ಆಚೆ ಮಗ್ಗುಲಿನ ಎರಡು ಕಂಬ ಮೆಲ್ಲಗೆ ತಿರುಗತೊಡಗಿದವು. ಫಕ್ಕೀರವ್ವ ಬೆರಳು ತೆಗೆದಳು. ಡೋಣಿಯಲ್ಲಿ ಯಾರ ಮನೆಯ ಹಿಟ್ಟಿನ ಗಿರಣಿಯೂ ನಿಲ್ಲಲಿಲ್ಲ, ನಿಲ್ಲಬೇಕಿತ್ತೆಂದು ಯಾರಿಗೂ ತಿಳಿಯಲೂ ಇಲ್ಲ.

ನೀಲಾಂಬಿಕೆಗೆ ತಾನು ತಿಂಗಳುಗಟ್ಟಲೆ ಹುಡುಕುತ್ತಿದ್ದದ್ದು ಇದೇ ಎಂದು ಆಗ ಹೊಳೆಯಿತು.

ಅವಳ ಪಾಲಿಗೆ ಬಂದಿದ್ದ ಕೆಲಸ ಸಣ್ಣದಲ್ಲ. ಸಂಘ ಬೆಳೆದದ್ದು ಕೌದಿ ಹೊಲಿದ ಹಾಗೆ, ಸಿಕ್ಕ ಅರಿವೆಗೆ ಸಿಕ್ಕ ಅರಿವೆ ಸೇರಿಸುತ್ತ. ಗಾಳಿಕಂಬದವರ ಕಂಪ್ಯೂಟರು ಬೇರೆ, ಬ್ಯಾಟರಿ ಮನೆಗಳದ್ದು ಬೇರೆ, ದೂರು ಬರೆದುಕೊಳ್ಳುವವರದ್ದು ಬೇರೆ, ಬಿಲ್ಲಿನವರದ್ದು ಬೇರೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಒಂದೂರಿನ ಬ್ಯಾಟರಿ ತುಂಬಿ ವಿದ್ಯುತ್ತು ವ್ಯರ್ಥ ಹರಿದುಹೋಗುವಾಗ ಪಕ್ಕದೂರು ಕತ್ತಲಲ್ಲಿ ಕೂತಿರುತ್ತಿತ್ತು. ಇಡೀ ಸಂಘವನ್ನು ಒಂದೇ ಶರೀರ ಎಂದು ತಿಳಿದು ಅದರ ವಿನ್ಯಾಸ ಬರೆಯಿರಿ ಎಂದು ಆಡಳಿತ ಮಂಡಳಿ ನೀಲಾಂಬಿಕೆಗೆ ಒಪ್ಪಿಸಿತ್ತು. ಇಂದು ಹೇಗಿದೆ ಎನ್ನುವುದಕ್ಕೊಂದು ನಕ್ಷೆ, ನಾಳೆ ಹೇಗಿರಬೇಕು ಎನ್ನುವುದಕ್ಕೊಂದು ನಕ್ಷೆ, ಇವೆರಡರ ನಡುವೆ ಯಾರೂ ಎಡವದಂತೆ ನಡೆಯುವ ದಾರಿ.

ಮಂಡಳಿಯ ಅಧ್ಯಕ್ಷರಾದ ಸಂಕನಗೌಡರು ಒಂದು ಕರಾರು ಹಾಕಿದ್ದರು. ನಡೆಯುತ್ತಿರುವ ಸಂಘದ ಒಂದು ತಂತಿಯನ್ನೂ ಮುಟ್ಟುವ ಮೊದಲು ಹೊಸ ವಿನ್ಯಾಸವನ್ನು ನೆರಳಿನಲ್ಲಿ ಓಡಿಸಿ ತೋರಿಸಬೇಕು. ನೆರಳು ಎಂದರೆ ಸಂಘದ ಪಡಿಯಚ್ಚು. ಕಂಬ, ತಂತಿ, ನೌಕರರು, ಗಿರಾಕಿಗಳು ಎಲ್ಲವೂ ಯಂತ್ರದೊಳಗೆ ಇದ್ದಂತೆಯೇ ಇರುವ ಇನ್ನೊಂದು ಸಂಘ. ನೀಲಾಂಬಿಕಾ ಎಷ್ಟು ನಾಜೂಕಾಗಿ ಯೋಜಿಸಿದರೂ ಗಾಳಿ ಬಿದ್ದಾಗಲೆಲ್ಲ ಆ ನೆರಳು ತಪ್ಪುತ್ತಿತ್ತು. ನಿಯಮದಂತೆ ತಟ್ಟನೆ ಒಂದೂರನ್ನು ಕಡಿಯುತ್ತಿತ್ತು, ಆ ಹೊಡೆತಕ್ಕೆ ಇನ್ನೊಂದು ಬೀಳುತ್ತಿತ್ತು, ಕಡೆಗೆ ತಾಲೂಕಿಗೆ ತಾಲೂಕೇ ಕತ್ತಲು. ಅವಳೇ ತನ್ನ ಮೊದಲ ನಕ್ಷೆಯಲ್ಲಿ ಊರಿನ ಹೆಸರು ಹೇಳುವ ಪದ್ಧತಿಯನ್ನು ಪ್ರಯೋಜನವಿಲ್ಲದ ವಿಳಂಬ ಎಂದು ಗುರುತಿಸಿ ತೆಗೆದುಹಾಕಿದ್ದಳು. ಹೆಸರನ್ನು ಮತ್ತೆ ಸೇರಿಸಿ ನೋಡಿದಳು, ಆಗಲೂ ತಪ್ಪಿತು. ಬೇಕಾದದ್ದು ಹೆಸರಲ್ಲ, ಹೆಸರಿನ ಬೆನ್ನಿಗೆ ಬರುವ ಆ ತಡ. ಎಲ್ಲಿ ನಿಲ್ಲಬೇಕು, ಎಷ್ಟು ನಿಲ್ಲಬೇಕು ಎಂದು ಫಕ್ಕೀರವ್ವನನ್ನು ಕೇಳಿದರೆ ಆಕೆ ನಕ್ಕು, ತನಗೇನು ಗೊತ್ತು, ಕೈ ನಿಂತರೆ ನಿಲ್ಲುತ್ತೇನೆ ಎಂದುಬಿಟ್ಟಳು.

ಸವಣೂರ ಡಾಕ್ಟರು ಬಂದದ್ದು ಆಮೇಲೆ. ಮಿದುಳಿನ ಮೇಲೆ ಕೆಲಸ ಮಾಡುತ್ತಿದ್ದ ಸಾವಕಾಶದ ಮನುಷ್ಯ. ಅವರ ಬಳಿ ಒಂದು ಹಣೆಪಟ್ಟಿ ಇತ್ತು. ಮಾಡು ಎನ್ನುವ ಎಳೆತ ಒಂದು ಕಡೆ, ಇರು ಎನ್ನುವ ಎಳೆತ ಇನ್ನೊಂದು ಕಡೆ. ಇವೆರಡೂ ತಲೆಯೊಳಗೆ ಜಗ್ಗಾಡುವಾಗ ಏಳುವ ತಡವನ್ನು ಆ ಪಟ್ಟಿ ಹಿಡಿಯಬಲ್ಲದಾಗಿತ್ತು. ಹಿಡಿದದ್ದನ್ನು ನೆರಳಿನಲ್ಲಿ ನೆಟ್ಟರೆ ಅಲ್ಲಿ ಅದು ಬೇರುಬಿಟ್ಟು ಕೆಲಸ ಮಾಡುತ್ತಿತ್ತು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಇದು ಫೋಟೋ ತೆಗೆದ ಹಾಗಲ್ಲ, ಸಸಿ ಕಿತ್ತು ನೆಟ್ಟ ಹಾಗೆ ಎಂದರು. ಒಂದೇ ಹೊತ್ತಿಗೆ ಎರಡು ಕಡೆ ಇರುವುದಿಲ್ಲ. ಅಲ್ಲಿರುವ ತನಕ ಇಲ್ಲಿ ಇರದು; ಮತ್ತೆ ತಂದು ನೆಟ್ಟರೆ ಅಲ್ಲಿಯದು ಅಳಿಯುತ್ತದೆ. ಬಹಳ ತಡಮಾಡಿದರೆ ಕಿತ್ತ ಗುಳಿ ಮುಚ್ಚಿಹೋಗುತ್ತದೆ.

ಫಕ್ಕೀರವ್ವ ಒಂದು ವಾರ ಯೋಚಿಸಿದಳು. ನಡುವೆ ಒಂದು ದಿನ ಹೂಂ ಎಂದು, ಮರುದಿನ ಊಹೂಂ ಎಂದು, ತೋಂಟದಾರ್ಯ ಮಠಕ್ಕೆ ಹೋಗಿ ಕೂತು ಬಂದು, ಕಡೆಗೆ ನೀಲಾಂಬಿಕೆಯ ಕೈ ಹಿಡಿದು ಹೇಳಿದಳು:

"ಎರವಲು ಅಂದ್ರ ಎರವಲಾ. ಮುಗದ ಮ್ಯಾಲ ನೀನ ತಂದು ಕೊಡಬೇಕ ನೋಡ, ತಂಗಿ. ನಾ ಬಂದು ಕೇಳಾಂಗಿಲ್ಲ."

ನೀಲಾಂಬಿಕಾ ಆಗಲಿ ಎಂದಳು. ಅಂದೇ ಯೋಜನೆಯ ಪಟ್ಟಿಗೆ ಒಂದು ಕೆಲಸ ಸೇರಿಸಿದಳು: ಎರವಲು ಪಡೆದದ್ದನ್ನು ಹಿಂದಿರುಗಿಸುವುದು. ಯೋಜಿಸುವವರಿಗೆ ಅಭ್ಯಾಸವಾದಂತೆ ಅದನ್ನು ಮುಕ್ತಾಯದ ಕೆಲಸಗಳ ಸಾಲಿನಲ್ಲಿ, ಎಲ್ಲಕ್ಕಿಂತ ಕೆಳಗೆ ಇಟ್ಟಳು. ಎಲ್ಲ ಮುಗಿದ ಮೇಲೆ ತಾನೇ ಹಿಂದಿರುಗಿಸುವುದು? ಆ ಹೊತ್ತಿಗೆ ಅದು ಸರಿಯಾಗಿಯೇ ಕಂಡಿತು.

ಹಣೆಪಟ್ಟಿ ಹಿಡಿದ ಫಕ್ಕೀರವ್ವನ ತಡವನ್ನು ತಂದು ನೆಟ್ಟ ದಿನದಿಂದ ನೆರಳು ತಪ್ಪಲಿಲ್ಲ. ಗಾಳಿ ಬೀಳಿಸಿ ನೋಡಿದರು, ಮೋಡ ಕವಿಸಿ ನೋಡಿದರು, ಬ್ಯಾಟರಿ ಮನೆಗೆ ಬೆಂಕಿ ಹಚ್ಚಿ ನೋಡಿದರು, ಎಲ್ಲ ಯಂತ್ರದೊಳಗೇ. ಅದು ನಿಲ್ಲುವಲ್ಲಿ ನಿಂತಿತು, ಕಡಿಯುವಲ್ಲಿ ಕಡಿಯಿತು. ಇಲಾಖೆಗಳನ್ನು ಒಂದಕ್ಕೊಂದು ಹೆಣೆದ ನೀಲಾಂಬಿಕೆಯ ವಿನ್ಯಾಸ ಮೊದಲ ಸಲ ಉಸಿರಾಡತೊಡಗಿತು. ಮೆಲ್ಲಗೆ ನಿಜವಾದ ನಿಯಂತ್ರಣ ಕೋಣೆಯಲ್ಲೂ ಒಂದು ಹಸಿರು ದೀಪ ಬಂತು. ಕಡಿಯಬೇಕೋ ಬೇಡವೋ ಎಂದು ನೆರಳೇ ಆ ದೀಪದಲ್ಲಿ ಹೇಳತೊಡಗಿತು; ಹೊತ್ತಿದರೆ ಕಡಿ ಎಂದು ಅರ್ಥ. ಫಕ್ಕೀರವ್ವ ಈಗಲೂ ಊರಿನ ಹೆಸರು ಹೇಳುತ್ತಿದ್ದಳು. ಆದರೆ ದೀಪ ಹೊತ್ತಿತೆಂದರೆ ಹೆಸರು ಬಾಯಲ್ಲಿರುವಾಗಲೇ ಊರು ಕತ್ತಲಾಗಿರುತ್ತಿತ್ತು.

ಮನೆಯಲ್ಲಿ ಮೊದಮೊದಲು ಎಲ್ಲರಿಗೂ ಮೋಜೆನಿಸಿತು. ಸಂತೆಯಲ್ಲಿ ಬದನೆಕಾಯಿ ಹಿಡಿದು ತೆಗೆದುಕೊಳ್ಳಲೋ ಬಿಡಲೋ ಎಂದು ನಿಲ್ಲುತ್ತಿದ್ದ ಫಕ್ಕೀರವ್ವ ಹೋದ ಕಾಲಲ್ಲೇ ಚೀಲ ತುಂಬಿಕೊಂಡು ಬರುತ್ತಿದ್ದಳು. ವರ್ಷಗಟ್ಟಲೆ ಸಹಿಸಿಕೊಂಡಿದ್ದ ಪಕ್ಕದ ಮನೆಯ ಕೋಳಿಯ ವಿಚಾರವನ್ನು ಒಂದೇ ಮಾತಿನಲ್ಲಿ ಇತ್ಯರ್ಥ ಮಾಡಿದಳು. ನೀಲಾಂಬಿಕೆಯ ಗಂಡ ರೋಣದ ಬ್ಯಾಟರಿ ಮನೆಯಿಂದ ವಾರಕ್ಕೊಮ್ಮೆ ಬಂದಾಗ ಅತ್ತಿಗೆಯನ್ನು ನೋಡಿ, ವೈನಿಗೆ ಹೊಸ ಬ್ಯಾಟರಿ ಹಾಕಿದಂತಾಗಿದೆ ಎಂದು ನಗುತ್ತಿದ್ದ. ಫಕ್ಕೀರವ್ವನೂ ನಗುತ್ತಿದ್ದಳು. ತಲೆ ಹಗುರಾಗಿದೆ, ನಿದ್ದೆ ಸೊಗಸಾಗಿ ಬರುತ್ತದೆ ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ.

ಒಬ್ಬನು ಮಾತ್ರ ನಗುವುದನ್ನು ಬಿಟ್ಟಿದ್ದ. ಫಕ್ಕೀರವ್ವನ ಗಂಡ ತೋಟಪ್ಪ ಮನೆಯ ಮುಂದಿನ ಕೋಣೆಯಲ್ಲಿ ಮಗ್ಗ ಇಟ್ಟುಕೊಂಡು ಸೀರೆ ನೇಯುವವನು. ಹುಟ್ಟಿನಿಂದ ಅವನಿಗೆ ಮಾತು ತೊಡರುತ್ತಿತ್ತು. ಮೊದಲ ಅಕ್ಷರ ಬಾಗಿಲಲ್ಲೇ ಸಿಕ್ಕಿಹಾಕಿಕೊಳ್ಳುವುದು. ಅದನ್ನು ಬಿಡಿಸಿಕೊಂಡು ಹೊರಬರಲು ಅವನಿಗೆ ಹೊತ್ತು ಬೇಕು. ಲೋಕಕ್ಕೆ ಆ ಹೊತ್ತಿರಲಿಲ್ಲ. ಅಂಗಡಿಯವನು, ಬಸ್ಸಿನವನು, ಸ್ವಂತ ತಮ್ಮ, ಎಲ್ಲರೂ ಅವನ ಮಾತನ್ನು ತಾವೇ ಮುಗಿಸಿ ಕೊಡುತ್ತಿದ್ದರು, ಬಹಳ ಸಲ ತಪ್ಪಾಗಿ. ಫಕ್ಕೀರವ್ವ ಒಬ್ಬಳೇ ಸುಮ್ಮನೆ ಕಾಯುತ್ತಿದ್ದವಳು. ಅವಳ ಮುಂದೆ ಅವನು ಪುರಾಣ ಹೇಳಿದ್ದ, ಜಗಳಾಡಿದ್ದ, ಚಾಡಿ ಹೇಳಿದ್ದ. ಮಾತು ತೊಡರುವವನು ಎಷ್ಟು ಮಾತುಗಾರ ಎಂದು ಆ ಊರಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ.

ಈಗ ಅವನು ಊಟಕ್ಕೆ ಕೂತು "ಉ..." ಎಂದರೆ ಉಪ್ಪು ಮುಂದೆ ಬಂದಿರುತ್ತಿತ್ತು. ಅವನು ಹೇಳಬೇಕೆಂದಿದ್ದದ್ದು ಉದಯ ಎನ್ನುವ ಗೆಳೆಯನ ಸುದ್ದಿ. "ನಾ..." ಎಂದರೆ, ನಾಳೆ ನೂಲು ತರಬೇಕು ತಾನೇ, ಆಗಲಿ ಎಂದು ಎದ್ದುಹೋಗುತ್ತಿದ್ದಳು. ಸಿಟ್ಟಿನಿಂದಲ್ಲ, ಅಸಡ್ಡೆಯಿಂದಲೂ ಅಲ್ಲ; ಪ್ರೀತಿ ಇದ್ದಷ್ಟೇ ಇತ್ತು. ನಿಲ್ಲುವುದೊಂದು ಇರಲಿಲ್ಲ. ಶ್ರಾವಣ ಕಳೆಯುವ ಹೊತ್ತಿಗೆ ತೋಟಪ್ಪ ಬೆರಳು ಮಾಡಿ ತೋರಿಸುವುದನ್ನು ಕಲಿತಿದ್ದ. ಭಾದ್ರಪದದಲ್ಲಿ ಅದೂ ಕಡಿಮೆಯಾಯಿತು. ಮನೆಯಲ್ಲಿ ಮಗ್ಗದ ಸದ್ದು ಮಾತ್ರ ಕೇಳುತ್ತಿತ್ತು.

ನೀಲಾಂಬಿಕೆಗೆ ಇದು ಕಾಣಲಿಲ್ಲವೆಂದಲ್ಲ. ಯೋಜನೆ ಮುಗಿದೊಡನೆ ಸರಿಹೋಗುತ್ತದೆ ಎಂದುಕೊಂಡಿದ್ದಳು. ಆದರೆ ಒಂದು ಇಲಾಖೆಯ ನಕ್ಷೆ ಮುಗಿದರೆ ಇನ್ನೊಂದು ಇಲಾಖೆಯವರು ತಮ್ಮದನ್ನೂ ಸೇರಿಸಿ ಎಂದು ಬರುತ್ತಿದ್ದರು. ಮುಂಡರಗಿ ಕಡೆಯ ಹೊಸ ಊರುಗಳು ಸಂಘಕ್ಕೆ ಸೇರಿದವು. ಅವುಗಳನ್ನೂ ವಿನ್ಯಾಸದೊಳಗೆ ತರಬೇಕಾಯಿತು. ಒಂದೊಂದು ಸಲವೂ ಮುಕ್ತಾಯ ಮುಂದೆ ಸರಿಯುತ್ತಿತ್ತು. ಮುಕ್ತಾಯದ ಜೊತೆಗೆ, ಅದರ ಬಾಲಕ್ಕೆ ಕಟ್ಟಿದ ಆ ಕಡೆಯ ಕೆಲಸವೂ ತಾನಾಗಿಯೇ ಸರಿಯುತ್ತಿತ್ತು. ಯಾರೂ ಅದನ್ನು ಮುಂದೂಡಿರಲಿಲ್ಲ. ಪಟ್ಟಿಯೇ ಮುಂದೂಡುತ್ತಿತ್ತು. ನವರಾತ್ರಿಯ ಹೊತ್ತಿಗೆ ಸಂಕನಗೌಡರು, ವಿನ್ಯಾಸವೆನ್ನುವುದು ಮುಗಿಯುವ ಕೆಲಸವೇ ಅಲ್ಲ, ಇದನ್ನು ಕಾಯಂ ಇಲಾಖೆ ಮಾಡಿ ನೀಲಾಂಬಿಕೆಯನ್ನು ಅದರ ಮುಖ್ಯಸ್ಥೆ ಮಾಡೋಣ ಎಂದು ಸೂಚಿಸಿದರು. ಸಭೆ ಚಪ್ಪಾಳೆ ತಟ್ಟಿತು. ನೀಲಾಂಬಿಕಾ ಕೈಮುಗಿದಳು.

ಅದೇ ವಾರ ಸವಣೂರ ಡಾಕ್ಟರು ಅವಳನ್ನು ಕರೆಸಿಕೊಂಡು, ಗುಳಿ ಮುಚ್ಚತೊಡಗಿದೆ, ದೀಪಾವಳಿ ದಾಟಿದರೆ ತಮ್ಮ ಕೈಯಲ್ಲಿ ಇಲ್ಲ ಎಂದರು. ಅವಳು ನೇರವಾಗಿ ಫಕ್ಕೀರವ್ವನ ಬಳಿ ಹೋಗಿ, ಎರವಲು ಮರಳಿ ತಂದುಕೊಡಲೇ ಎಂದು ಕೇಳಿದಳು. ಪ್ರಶ್ನೆ ಪೂರ್ತಿಯಾಗುವ ಮೊದಲೇ ಉತ್ತರ ಬಂತು.

"ಬ್ಯಾಡ. ನನಗ ಅದೇನೂ ಬೇಕಾಗಿಲ್ಲ. ನೀವಾ ಇಟ್ಕೋರಿ."

ನೀಲಾಂಬಿಕೆಗೆ ಒಂದು ಕ್ಷಣ ಹಾಯೆನಿಸಿತು. ಎರವಲು ಕೊಟ್ಟವಳೇ ಬಿಟ್ಟುಕೊಟ್ಟ ಮೇಲೆ ಇನ್ನೇನು? ಅವಳು ಆ ಸಮಾಧಾನವನ್ನು ಹೊತ್ತುಕೊಂಡು ಎರಡು ಮೂರು ದಿನ ಓಡಾಡಿದಳು. ಅದು ಕಾಲಿಗೆ ಸರಿಹೊಂದದ ಚಪ್ಪಲಿಯ ಹಾಗೆ ಒಂದೇ ಕಡೆ ಒತ್ತುತ್ತಿತ್ತು.

ಒಂದು ಮಧ್ಯಾಹ್ನ ಅವಳು ಮನೆಯಲ್ಲೇ ಕೂತು ಮಂಡಳಿಗೆ ಒಪ್ಪಿಸಬೇಕಾದ ಯೋಜನೆ ತಿದ್ದುತ್ತಿದ್ದಳು. ಮಗ್ಗದ ಸದ್ದು ನಿಂತಿತು. ತೋಟಪ್ಪ ಬಂದು ಹೊಸ್ತಿಲ ಹತ್ತಿರ ಕೂತ. ಭಾವ ಬಂದನೆಂದು ನೀಲಾಂಬಿಕಾ ಸೆರಗು ಸರಿಮಾಡಿಕೊಂಡು ಎದ್ದು, ಊಟಕ್ಕೆ ಬಡಿಸಲೇ ಎಂದಳು. ಅವನು ತಲೆಯಾಡಿಸಿದ.

"ನ... ನ... ನ..."

ನೂಲೇ, ನೀರೇ, ನಾಳೆಯೇ? ಅವಳ ನಾಲಗೆಯ ತುದಿಗೆ ಮೂರೂ ಬಂದವು. ಮುಂದೆ ಯಂತ್ರದ ಪರದೆಯಲ್ಲಿ ನಕ್ಷೆ ಕಾಯುತ್ತಿತ್ತು. ಅವನ ಕುತ್ತಿಗೆಯ ನರ ಉಬ್ಬಿ, ಕಣ್ಣು ತುಂಬಿ, ಬೆರಳುಗಳು ತೊಡೆಯ ಮೇಲಿನ ಧೋತರವನ್ನು ಹಿಂಡುತ್ತಿದ್ದವು. ಅವಳು ತುಟಿ ಕಚ್ಚಿ ಕೂತಳು. ಹೊರಗೆ ಯಾರೋ ಪಾತ್ರೆ ಮಾರುವವನು ಕೂಗಿಕೊಂಡು ಬೀದಿಯ ಆ ತುದಿಗೆ ಹೋದ. ಇಷ್ಟು ಹೊತ್ತು ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

"ನನ್ನ... ನನ್ನ ಹೆಂಡತಿ ಮ... ಮನ್ಯಾಗ ಅದಾಳ," ಎಂದ ತೋಟಪ್ಪ. "ನ... ನನಗ ಮಾತಾಡಾಕ ಯಾ... ಯಾರೂ ಇಲ್ಲ, ನೀಲವ್ವ."

ಅಷ್ಟು ಹೇಳಿ ಎದ್ದುಹೋದ. ಮಗ್ಗ ಮತ್ತೆ ಸದ್ದು ಮಾಡತೊಡಗಿತು. ನೀಲಾಂಬಿಕಾ ಪರದೆಯತ್ತ ತಿರುಗಿ ಯೋಜನೆಯ ಪಟ್ಟಿ ತೆರೆದಳು. ಆಮೇಲೆ ಎಲ್ಲಕ್ಕಿಂತ ಕೆಳಗಿದ್ದ ಸಾಲನ್ನು ಹಿಡಿದೆಳೆದು ಎಲ್ಲಕ್ಕಿಂತ ಮೇಲೆ ಇಟ್ಟಳು. ಇಟ್ಟೊಡನೆ ಅದರ ಕೆಳಗಿನ ಕೆಲಸಗಳೆಲ್ಲ ಒಂದೊಂದಾಗಿ ಕೆಂಪಗಾದವು. ಇದಾದರೆ ಅದು ಆಗದು, ಅದಾಗದಿದ್ದರೆ ಮುಂದಿನದು ಆಗದು ಎಂದು ಯಂತ್ರ ತಿಳಿಸುತ್ತಿತ್ತು. ವರ್ಷದ ದುಡಿಮೆ ಕಣ್ಣ ಮುಂದೆ ಕೆಂಪಾಗಿ ನಿಂತಿತು.

ಮಂಡಳಿಯ ಸಭೆಯಲ್ಲಿ ಅವಳು ಯೋಜನೆಯ ಹೊಸ ಪಟ್ಟಿಯನ್ನು ತೋರಿಸಿದಳು. ಸಂಕನಗೌಡರು ಕೆಟ್ಟ ಮನುಷ್ಯರಲ್ಲ. ಹೆರಿಗೆಗಳೂ ಕತ್ತಲಲ್ಲೇ ಆಗುತ್ತಿದ್ದ ಊರಿನಿಂದ ಬಂದವರು. ಈ ನಾಲ್ಕು ತಿಂಗಳಲ್ಲಿ ಎಷ್ಟು ಊರುಗಳ ದೀಪ ಆರದೆ ಉಳಿದಿದೆ ಎನ್ನುವುದು ಅವರಿಗೆ ತಿಳಿದಿತ್ತು. ಅಷ್ಟು ಜನರ ಬೆಳಕಿನ ಮುಂದೆ ಒಬ್ಬರ ಅರೆಗಳಿಗೆ ದೊಡ್ಡದೇ ಎಂದು ಅವರು ಸಮಾಧಾನದಿಂದಲೇ ಕೇಳಿದರು. ಸರಿಯಾದ ಪ್ರಶ್ನೆಯೇ.

"ಮತ್ತ ನಿಮ್ಮ ನೆಗೆಣ್ಣೀನಾ ಬ್ಯಾಡ ಅಂದಾಳಂತಲ್ರಿ," ಎಂದರು ಗೌಡರು. "ಕೊಟ್ಟಾಕಿಗಿಲ್ಲದ ಸಂಕಟ ನಿಮಗ್ಯಾಕ?"

"ಬ್ಯಾಡ ಅನ್ನೂಕಿಂತ ಮೊದಲ ಒಂದೀಟ ನಿಲ್ಲೂದು ಇರ್ತೈತಲ್ರಿ ಗೌಡ್ರ, ಅದು ನಮ್ಮ ಕಡೆ ಐತಿ," ಎಂದಳು ನೀಲಾಂಬಿಕಾ. "ಅದನ್ನ ನಾವು ಇಟ್ಕೊಂಡು, ಆಕಿ ಬ್ಯಾಡ ಅಂದಾಳ ಅಂತ ಹೇಳಾಕ ಬರೂದಿಲ್ರಿ."

ಗೌಡರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಿಂದೆ ಕೂತಿದ್ದ ಬಿಲ್ಲಿನ ಇಲಾಖೆಯವರೊಬ್ಬರು, ಹಂಗಾದರೆ ನಿಂತು ಯೋಚಿಸದೆ ಹಾಕಿದ ನಮ್ಮ ಸಹಿ ಯಾವುದೂ ಲೆಕ್ಕಕ್ಕಿಲ್ಲವೇ ಎಂದು ನಗಾಡಿದರು. ಎರವಲು ತಂದದ್ದನ್ನು ಕೊಟ್ಟ ಮೇಲೆ ಯೋಜನೆ ತನ್ನ ಕಾಲ ಮೇಲೆ ನಿಲ್ಲದಿದ್ದರೆ ಅದು ಯೋಜನೆಯ ಕುಂದು, ಕೊಟ್ಟವಳ ಸಾಲವಲ್ಲ ಎಂದಳು ನೀಲಾಂಬಿಕಾ. ತಾನು ಅದನ್ನು ಕಡೆಯ ಕೆಲಸ ಮಾಡಿದ್ದೇ ತಪ್ಪು, ಕಡೆಯೇ ಇಲ್ಲದ ಕೆಲಸದ ಬಾಲಕ್ಕೆ ಕಟ್ಟಿದಂತಾಯಿತು ಎಂದೂ ಸೇರಿಸಿ ಕೂತಳು.

ತೀರ್ಮಾನ ಸಂಜೆಯೊಳಗೆ ಬಂತು. ಹಿಂದಿರುಗಿಸಲು ಒಪ್ಪಿಗೆ. ವಿನ್ಯಾಸವನ್ನು ಮೊದಲಿನಿಂದ ನೋಡತಕ್ಕದ್ದು; ನಿಯಂತ್ರಣ ಕೋಣೆಯಲ್ಲಿ ಕೂತ ಮನುಷ್ಯರನ್ನು ಮನುಷ್ಯರೆಂದೇ ತಿಳಿದು ಯೋಜಿಸತಕ್ಕದ್ದು. ಕಾಯಂ ಇಲಾಖೆಯ ವಿಚಾರ ಸದ್ಯಕ್ಕಿಲ್ಲ. ಯೋಜನೆಯ ಮುಖ್ಯಸ್ಥರಾಗಿ ಬೇರೆಯವರು ಬರುತ್ತಾರೆ. ನೀಲಾಂಬಿಕಾ ದೂರು ವಿಭಾಗಕ್ಕೆ ಹೋಗತಕ್ಕದ್ದು. ಮುಂದಿನ ಗಾಳಿಗಾಲದಲ್ಲಿ ಗಾಳಿ ಬಿದ್ದಾಗ ಕೆಲವು ಊರುಗಳು ಕೆಲವು ಸಲ ಕತ್ತಲಲ್ಲಿ ಕೂರಬೇಕಾಗುತ್ತದೆ, ಆಗ ದೂರುಗಳು ಅವಳ ಮೇಜಿಗೇ ಬರುತ್ತವೆ ಎನ್ನುವುದು ಎಲ್ಲರಿಗೂ ತಿಳಿದಿತ್ತು. ಅವಳಿಗೂ ತಿಳಿದಿತ್ತು. ಲೋಕದಲ್ಲಿ ಬೆಳಕು ಸಮನಾಗಿ ಹಂಚಿದ ದಿನ ಇನ್ನೂ ಹುಟ್ಟಿಲ್ಲ. ಅದನ್ನು ಹುಟ್ಟಿಸಬೇಕಾದವನು ಬೇರೊಬ್ಬನಿದ್ದಾನೆ.

ಮರು ನೆಡುವ ಕೆಲಸ ಒಂದೇ ಸಲಕ್ಕೆ ಆಗುವಂಥದ್ದಲ್ಲ. ಹಲವು ಬೆಳಿಗ್ಗೆ ಫಕ್ಕೀರವ್ವ ಸವಣೂರ ಡಾಕ್ಟರ ಕೋಣೆಗೆ ಬಂದು ಹಣೆಪಟ್ಟಿ ಕಟ್ಟಿಕೊಂಡು ಕೂರಬೇಕಾಯಿತು. ನೀಲಾಂಬಿಕೆಯ ಬಲವಂತಕ್ಕೆ ಬರುತ್ತಿದ್ದಳು, ಬಂದು ಬೈಯುತ್ತಿದ್ದಳು. ಇದೇನು ಹುಚ್ಚು, ಲಗೂನ ಮುಗಿಸಿರಿ, ಮನೆಯಲ್ಲಿ ಹಿಟ್ಟು ನಾದಿಟ್ಟು ಬಂದಿದ್ದೇನೆ ಎನ್ನುತ್ತಿದ್ದಳು. ಗುಳಿ ಎಷ್ಟು ಮುಚ್ಚಿದೆ, ಸಸಿ ಹಿಡಿಯುತ್ತದೋ ಇಲ್ಲವೋ ಎಂದು ಡಾಕ್ಟರು ಭರವಸೆ ಕೊಡಲಿಲ್ಲ. ದೇವರಿದ್ದಾನೆ ಎಂದರು, ಅದನ್ನು ಅವರು ಹೇಳಿದ್ದು ಅದೇ ಮೊದಲು.

ಕಡೆಯ ದಿನ ತೋಟಪ್ಪನೂ ಜೊತೆಗೆ ಬಂದ. ಗೋಡೆಯ ಬದಿಯ ಬೆಂಚಿನ ಮೇಲೆ ಕೈಕಟ್ಟಿ ಕೂತ. ನೆರಳಿನಲ್ಲಿ ಉಳಿದಿದ್ದ ಕಡೆಯ ಎಳೆಯನ್ನು ಅಳಿಸಿ ಇತ್ತ ಕಳಿಸುವ ಗುಂಡಿಯನ್ನು ಒತ್ತಬೇಕಾದವರು ಡಾಕ್ಟರು. ಅವರು ನೀಲಾಂಬಿಕೆಯ ಮುಖ ನೋಡಿ ಪಕ್ಕಕ್ಕೆ ಸರಿದು ನಿಂತರು. ನೀಲಾಂಬಿಕಾ ಮುಂದೆ ಬಂದು ಬೆರಳಿಟ್ಟಳು. ಒತ್ತಿದಳು. ಪರದೆಯ ಮೇಲೆ ಒಂದು ಚುಕ್ಕೆ ಆರಿತು. ಅವಳು ಫಕ್ಕೀರವ್ವನ ಹಣೆಯಿಂದ ಪಟ್ಟಿಯನ್ನು ಬಿಚ್ಚಿ, ಅದು ಒತ್ತಿದ್ದ ಕಡೆ ಸೆರಗಿನಿಂದ ಮೆಲ್ಲಗೆ ಒರೆಸಿದಳು.

ಫಕ್ಕೀರವ್ವ ಎದ್ದು ನಿಂತು ಚಪ್ಪಲಿ ಹುಡುಕತೊಡಗಿದಳು. ಬೆಂಚಿನ ಮೇಲಿದ್ದ ತೋಟಪ್ಪ ಬಾಯಿ ತೆರೆದ.

"ಚ..."

ಅವಳ ತುಟಿ ತೆರೆಯಿತು. ಚಪ್ಪಲಿ ತಾನೇ, ಸಿಕ್ಕಿತು ಎನ್ನುವ ಮಾತು ಅಲ್ಲಿ ತನಕ ಬಂದದ್ದು ನೀಲಾಂಬಿಕೆಗೆ ಕಾಣಿಸಿತು. ಮಾತು ಹೊರಗೆ ಬರಲಿಲ್ಲ. ತೆರೆದ ತುಟಿ ಹಾಗೆಯೇ ಮುಚ್ಚಿಕೊಂಡಿತು. ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ನೆಲದಲ್ಲಿ ಇಟ್ಟುಕೊಂಡು ಅವಳು ಗಂಡನ ಮುಖ ನೋಡುತ್ತ ನಿಂತಳು.

"ಚ... ಚ... ಚಾ ಕುಡದ ಹೋಗೂಣೇನು?" ಎಂದ ತೋಟಪ್ಪ.

ಕುಡಿಯಲೋ ಬೇಡವೋ ಎಂದು ಫಕ್ಕೀರವ್ವ ಯೋಚಿಸತೊಡಗಿದಳು.